ಹಾಸ್ಯ ಚಕ್ರವರ್ತಿ ನರಸಿಂಹರಾಜು

ತಾಳವಾಡಿಯ ಬೆಟ್ಟಸೀಮೆಯಲ್ಲಿ ಕಲೆಯ ಪ್ರಸ್ತಾಪ ಬಂದಾಗಲೆಲ್ಲ ಗಾಜನೂರಿನ ಹೆಸರು ಮೊದಲು ನಾಲಗೆಗೆ ಬರುವುದು ಸಹಜವಾದುದೇ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗನಾಗಿ ೧೯೨೯ನೆಯ ಇಸವಿಯ ಏಪ್ರಿಲ್ ೨೪ರಂದು ಜನಿಸಿದ ಮುತ್ತುರಾಜನು ಮುಂದೆ ರಾಜಕುಮಾರ್ ಎಂಬ ಹೆಸರಿನಿಂದ ಕನ್ನಡನಾಡಿನ ಮನೆಮಾತಾದ ಕಥೆಯನ್ನು ಇಲ್ಲಿನ ಮಕ್ಕಳೂ ಬಲ್ಲರು. ಆದರೆ ಆ ಮಹಾನಟನ ಜೊತೆಯಲ್ಲಿಯೇ ಒಂದೇ ಚಿತ್ರದಿಂದ ಬೆಳಕಿಗೆ ಬಂದು, ಕಾಲು ಶತಮಾನದ ಕಾಲ ಅವರ ಪಕ್ಕದಲ್ಲಿ ನಿಂತು, ನಾಡನ್ನೆಲ್ಲ ನಗಿಸಿದ ಇನ್ನೊಬ್ಬ ಕಲಾವಿದರಿದ್ದರು. ನಾಯಕನ ಚಿತ್ರಪಟಕ್ಕೆ ಹೂಮಾಲೆ ಹಾಕುವ ನಾವು, ಆ ನಾಯಕನ ಪಕ್ಕದಲ್ಲಿ ನಗೆಯನ್ನು ಬಿತ್ತಿದವನನ್ನು ನಕ್ಕು ಮರೆತುಬಿಡುತ್ತೇವೆ. ಆ ಮರೆವನ್ನು ಸ್ವಲ್ಪವಾದರೂ ತಿದ್ದಿಕೊಳ್ಳಬೇಕೆಂಬ ಆಶಯದಿಂದ, ಹಾಸ್ಯ ಚಕ್ರವರ್ತಿ ಎಂದು ಜನತೆಯೇ ಪ್ರೀತಿಯಿಂದ ಕರೆದ ತಿಪಟೂರಿನ ನರಸಿಂಹರಾಜು ಅವರ ಬಾಳನ್ನು ಈ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಸ್ಮರಿಸಲು ನಾವು ಹೊರಟಿದ್ದೇವೆ.

ಹಾಸ್ಯವನ್ನು ಹಗುರವಾದುದೆಂದು ಬಗೆಯುವವರು ನಮ್ಮಲ್ಲಿ ಅನೇಕರಿದ್ದಾರೆ. ನಮ್ಮ ಪೂರ್ವಿಕರು ಹಾಗೆ ಬಗೆಯಲಿಲ್ಲ. ಭರತಮುನಿಯು ರಸಗಳನ್ನು ಎಣಿಸುವಾಗ ಶೃಂಗಾರದ ಬೆನ್ನಿಗೇ ಹಾಸ್ಯವನ್ನು ಇರಿಸಿದನು. ಸ್ಮಿತದಿಂದ ಅತಿಹಸಿತದವರೆಗೆ ನಗೆಯಲ್ಲಿ ಆರು ಬಗೆಗಳನ್ನು ಗುರುತಿಸಿದನು. ತಾನು ನಗುವುದು ಒಂದು, ಪರರನ್ನು ನಗಿಸುವುದು ಇನ್ನೊಂದು ಎಂದು ಆತ್ಮಸ್ಥ, ಪರಸ್ಥಗಳೆಂಬ ಭೇದವನ್ನೂ ಹೇಳಿದನು. ಪರರನ್ನು ನಗಿಸಬೇಕಾದವನು ಮಾತೊಂದನ್ನೇ ನೆಚ್ಚಿದರೆ ಸಾಲದು. ನಡಿಗೆ, ನೋಟ, ಕೈಕಾಲುಗಳ ಚಲನೆ, ವೇಷ, ಇವೆಲ್ಲವೂ ಒಂದಾಗಿ ದುಡಿಯಬೇಕು. ಆಂಗಿಕಾಭಿನಯವೆಂದು ಶಾಸ್ತ್ರದಲ್ಲಿ ಹೇಳಿರುವ ಈ ವಿದ್ಯೆಯು ಗ್ರಂಥವನ್ನು ಓದಿ ಬರುವಂಥದಲ್ಲ, ಮೈ ಬಗ್ಗಿಸಿ ದುಡಿದು ಬರುವಂಥದು. ನರಸಿಂಹರಾಜು ಅವರು ಅಂಥ ದುಡಿಮೆಯನ್ನು ಶೈಶವದಲ್ಲಿಯೇ ಆರಂಭಿಸಿದವರು.

ಅವರು ಹುಟ್ಟಿದ್ದು ೧೯೨೩ನೆಯ ಇಸವಿಯ ಜುಲೈ ೨೪ರಂದು, ತೆಂಗಿನ ತೋಟಗಳಿಗೂ ಕೊಬ್ಬರಿಯ ವ್ಯಾಪಾರಕ್ಕೂ ಹೆಸರಾದ ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ. ತಂದೆ ರಾಮರಾಜು, ತಾಯಿ ವೆಂಕಟಲಕ್ಷ್ಮಮ್ಮ. ಬಾಲಕನಿಗೆ ಇನ್ನೂ ಅಕ್ಷರಾಭ್ಯಾಸದ ವಯಸ್ಸು ತುಂಬುವ ಮೊದಲೇ, ನಾಲ್ಕರ ಪ್ರಾಯದಲ್ಲಿ, ಬಣ್ಣದ ನಂಟು ಅಂಟಿತು. ಸಿ. ಬಿ. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಸಭೆಯು ಅವನ ಪಾಲಿಗೆ ಪಾಠಶಾಲೆಯಾಯಿತು. ಪ್ರಹ್ಲಾದ, ಲೋಹಿತಾಶ್ವ, ಬಾಲಕೃಷ್ಣ, ಇಂಥ ಪಾತ್ರಗಳೇ ಅಲ್ಲಿ ಎಳೆಯರಿಗೆ ದೊರೆಯುತ್ತಿದ್ದುದು. ಒಂದು ವಿಷಯವನ್ನು ಓದುಗರು ಗಮನಿಸಬೇಕು. ಮುಂದೆ ನಾಡನ್ನು ನಗಿಸಲಿದ್ದ ಈ ಮಗುವು ರಂಗದ ಮೇಲೆ ಮೊದಲು ಕಲಿತದ್ದು ಅಳಿಸುವ ಪಾತ್ರಗಳನ್ನು. ಹಾವು ಕಚ್ಚಿ ಸಾಯುವ ಲೋಹಿತಾಶ್ವನ ಪಾತ್ರವನ್ನು ವಹಿಸಿದ ಬಾಲಕನೇ ದಶಕಗಳು ಉರುಳಿದ ಮೇಲೆ ಅದೇ ಹರಿಶ್ಚಂದ್ರನ ಕಥೆಯಲ್ಲಿ ನಕ್ಷತ್ರಿಕನಾಗಿ ಬಂದು ಜನರನ್ನು ನಗಿಸಿದನು. ಕರುಣವನ್ನು ಅರಿಯದವನಿಗೆ ಹಾಸ್ಯವು ಒಲಿಯದೆಂಬ ಮಾತಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅಂದಿನ ನಾಟಕ ಕಂಪನಿಗಳ ಬಾಳು ಎಂಥದೆಂಬುದು ಇಂದಿನ ತರುಣರಿಗೆ ತಿಳಿಯದು. ಮಳೆಗಾಲ ಮುಗಿದರೆ ಒಂದು ಊರು, ಸುಗ್ಗಿ ಮುಗಿದರೆ ಇನ್ನೊಂದು ಊರು. ತಟ್ಟಿಯ ಥಿಯೇಟರು, ಬಣ್ಣದ ಪರದೆಗಳು, ಹಾರ್ಮೋನಿಯಂ, ತಬಲ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನವನಿಗೂ ಕೇಳುವಂತೆ ಕಂಠವನ್ನು ಎತ್ತಬೇಕಾಗಿತ್ತು. ಕಲೆಕ್ಷನ್ ಚೆನ್ನಾಗಿ ಆದ ದಿನ ಊಟ, ಆಗದ ದಿನ ಉಪವಾಸ. ಈ ವ್ಯವಸ್ಥೆಯಲ್ಲಿ ಹಾಸ್ಯಗಾರನಿಗೆ ವಿಶೇಷವಾದೊಂದು ಹೊಣೆಯಿತ್ತು. ಅರಮನೆಯ ದೃಶ್ಯ ಮುಗಿದು ಅರಣ್ಯದ ದೃಶ್ಯ ಬರಬೇಕಾದರೆ ಪರದೆಯ ಹಿಂದೆ ಸೀನುಗಳನ್ನು ಬದಲಿಸಬೇಕು, ನಟರು ವೇಷವನ್ನು ಬದಲಿಸಬೇಕು. ಅಷ್ಟು ಹೊತ್ತು ಪ್ರೇಕ್ಷಕರನ್ನು ಹಿಡಿದು ಕೂರಿಸುವವರು ಯಾರು? ಮುಂಪರದೆಯೊಂದನ್ನು ಇಳಿಬಿಟ್ಟು ಅದರ ಮುಂದೆ ಹಾಸ್ಯಗಾರನನ್ನು ನಿಲ್ಲಿಸುತ್ತಿದ್ದರು. ಅವನ ಬೆನ್ನ ಹಿಂದೆ ಸುತ್ತಿಗೆಯ ಸದ್ದು, ಅವನ ಮುಂದೆ ಆಕಳಿಸುವ ಜನ. ಅಲಂಕಾರವಿಲ್ಲ, ಆಸರೆಯಿಲ್ಲ, ಎಷ್ಟು ನಿಮಿಷ ನಿಲ್ಲಬೇಕೆಂಬ ನಿಶ್ಚಯವೂ ಇಲ್ಲ. ಇದ್ದ ಬಂಡವಾಳವೆಂದರೆ ತನ್ನ ಮೈಯೊಂದೇ. ನರಸಿಂಹರಾಜು ಅವರಂಥ ನಟರು ಹದಗೊಂಡದ್ದು ಇಂಥ ಕುಲುಮೆಯಲ್ಲಿ.

ಎಳೆಯತನ ಕಳೆದು ಕಂಠ ಒಡೆದ ಮೇಲೆ ಬಾಲನಟರ ಬಾಳು ಅತಂತ್ರವಾಗುವುದು ಕಂಪನಿಗಳಲ್ಲಿ ಸಾಮಾನ್ಯವಾಗಿತ್ತು. ಕೃಷ್ಣನಾಗಲು ಸಾಧ್ಯವಿಲ್ಲ, ಕಂಸನಾಗಲು ಮೈಕಟ್ಟಿಲ್ಲ. ನರಸಿಂಹರಾಜು ಅವರದು ಸಣಕಲು ಶರೀರ, ಮುಂಚಾಚಿದ ಹಲ್ಲು. ರಾಜನ ಕಿರೀಟಕ್ಕೂ ರಾಕ್ಷಸನ ಗದೆಗೂ ಒಗ್ಗದ ದೇಹ. ಇನ್ನೊಬ್ಬನಾಗಿದ್ದರೆ ಊರಿಗೆ ಹಿಂದಿರುಗಿ ಬೇರೊಂದು ಜೀವನೋಪಾಯವನ್ನು ಹುಡುಕುತ್ತಿದ್ದನೇನೋ. ಇವರಾದರೋ ಕಂಪನಿಯಿಂದ ಕಂಪನಿಗೆ ಅಲೆದರು. ಕೆ. ಹಿರಣ್ಣಯ್ಯನವರ ಮಿತ್ರ ಮಂಡಳಿಯಲ್ಲಿ ದುಡಿದರು. ಕೊನೆಗೆ ೧೮೮೪ರಲ್ಲಿ ಸ್ಥಾಪಿತವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ಸೇರಿದರು. ಗುಬ್ಬಿ ವೀರಣ್ಣನವರು ಸ್ವತಃ ಹಾಸ್ಯಪಾತ್ರಗಳಿಂದಲೇ ಕೀರ್ತಿಯನ್ನು ಗಳಿಸಿದವರು. ಕುರುಕ್ಷೇತ್ರ ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಆ ಸಾಹಸಿಯು, ಹಾಸ್ಯಗಾರನೇ ಕಂಪನಿಯ ಒಡೆಯನೂ ಆಗಬಲ್ಲನೆಂಬುದನ್ನು ತೋರಿಸಿಕೊಟ್ಟಿದ್ದರು. ಹಾಸ್ಯಕ್ಕೆ ಗೌರವವಿದ್ದ ಮನೆಯದು.

ಆ ಮನೆಯ ಹೆಸರು ನಮ್ಮ ಸೀಮೆಗೂ ಹೊಸದಲ್ಲ. ಗಾಜನೂರಿನ ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ಹೆಸರಾಂತ ನಟರು. ರೌದ್ರ ವೀರ ಪಾತ್ರಗಳಲ್ಲಿ ಅವರಿಗೆ ಎಣೆಯಿರಲಿಲ್ಲವೆಂದು ಕಂಡವರು ಹೇಳುತ್ತಿದ್ದರು. ಅವರ ಮಗ ಮುತ್ತುರಾಜನು ಬಾಲ್ಯದಲ್ಲಿಯೇ ಆ ಕಂಪನಿಯನ್ನು ಸೇರಿದನು. ಹೀಗೆ ತೆಂಗಿನ ನಾಡಿನ ಬಾಲಕನೂ ನಮ್ಮ ರಾಗಿ ಜೋಳದ ಬೆಟ್ಟಸೀಮೆಯ ಬಾಲಕನೂ ಶಾಲೆಯ ಮೆಟ್ಟಿಲನ್ನು ಹೆಚ್ಚಾಗಿ ಹತ್ತದೆ, ಕಂಪನಿಯ ಚಾಪೆಯ ಮೇಲೆ ಮಲಗಿ, ಪರದೆಯ ಹಿಂದೆ ನಿಂತು, ಕನ್ನಡವನ್ನೂ ಕಲೆಯನ್ನೂ ಒಟ್ಟಿಗೆ ಕಲಿತರು. ಆ ಕಂಪನಿಗಳು ನಾಡಿನ ಬಡಮಕ್ಕಳಿಗೆ ಒಂದು ಬಗೆಯ ವಿಶ್ವವಿದ್ಯಾನಿಲಯಗಳಾಗಿದ್ದವೆಂದರೆ ಅತಿಶಯೋಕ್ತಿಯಾಗಲಾರದು.

ಈ ಇಬ್ಬರ ಬಾಳಿನ ದಾರಿಗಳು ೧೯೫೪ರಲ್ಲಿ ಒಂದೆಡೆ ಕೂಡಿದವು. ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನದ ಬೇಡರ ಕಣ್ಣಪ್ಪ ಚಿತ್ರವು ಆ ವರ್ಷ ತೆರೆಗೆ ಬಂದಿತು. ಮುತ್ತುರಾಜನು ರಾಜಕುಮಾರನಾದದ್ದು ಈ ಚಿತ್ರದಲ್ಲಿ. ನರಸಿಂಹರಾಜು ಅವರು ಬೆಳ್ಳಿತೆರೆಯ ಮೇಲೆ ಮೊದಲು ಕಾಣಿಸಿಕೊಂಡದ್ದೂ ಈ ಚಿತ್ರದಲ್ಲಿಯೇ. ಜಿ. ವಿ. ಅಯ್ಯರ್ ಅವರು ದೇವಾಲಯದ ಅರ್ಚಕನಾದರೆ, ನರಸಿಂಹರಾಜು ಅವರು ಅರ್ಚಕನ ಮಗ ಕಾಶಿಯಾದರು. ಚಿತ್ರಕ್ಕೆ ಕೇಂದ್ರ ಸರ್ಕಾರದ ಅರ್ಹತಾ ಪತ್ರ ದೊರೆಯಿತು, ಜನರೂ ಮೆಚ್ಚಿದರು. ಕಣ್ಣನ್ನೇ ಕಿತ್ತು ಶಿವನಿಗೆ ಒಪ್ಪಿಸುವ ಬೇಡನ ಭಕ್ತಿಯನ್ನು ಕಂಡು ಕಣ್ಣೀರು ಹಾಕಿದ ಜನ, ಕಾಶಿಯ ಅವತಾರವನ್ನು ಕಂಡು ಹೊಟ್ಟೆ ಹಿಡಿದು ನಕ್ಕರು. ಒಂದೇ ಚಿತ್ರದಲ್ಲಿ ನಾಡಿಗೆ ಒಬ್ಬ ನಾಯಕನೂ ಒಬ್ಬ ವಿದೂಷಕನೂ ದೊರೆತಂತಾಯಿತು.

ಆದರೆ ಕೀರ್ತಿ ಬಂದೊಡನೆ ಅನ್ನ ಬರಲಿಲ್ಲ. ಅಂದು ಕನ್ನಡ ಚಿತ್ರಗಳ ಸಂಖ್ಯೆಯೇ ವರ್ಷಕ್ಕೆ ಬೆರಳೆಣಿಕೆಯಷ್ಟು. ಸ್ಟುಡಿಯೋಗಳೆಲ್ಲ ಬಹುಮಟ್ಟಿಗೆ ಮದರಾಸಿನಲ್ಲಿದ್ದವು. ಬಂಡವಾಳ ಹೂಡುವವರಿಗೆ ತಮಿಳು, ತೆಲುಗು ಚಿತ್ರಗಳ ಮೇಲೆ ಇದ್ದ ಭರವಸೆ ಕನ್ನಡದ ಮೇಲೆ ಇರಲಿಲ್ಲ. ೧೯೫೬ರಲ್ಲಿ ಭಾಷಾವಾರು ಪ್ರಾಂತಗಳ ರಚನೆಯಾಗಿ ಕನ್ನಡನಾಡು ಒಂದಾಯಿತು. ಪಕ್ಕದ ಕೊಳ್ಳೇಗಾಲವು ಮೈಸೂರು ರಾಜ್ಯವನ್ನು ಸೇರಿತು, ನಮ್ಮ ತಾಳವಾಡಿ ಸೀಮೆಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ನಾಡು ಒಂದಾದರೂ ಕನ್ನಡ ಚಿತ್ರಗಳಿಗೆ ಸ್ವಂತ ನೆಲೆ ಇನ್ನೂ ದೊರೆತಿರಲಿಲ್ಲ. ಆ ಸಂಕಷ್ಟದಲ್ಲಿ ರಾಜಕುಮಾರ್, ಬಾಲಕೃಷ್ಣ, ಜಿ. ವಿ. ಅಯ್ಯರ್, ನರಸಿಂಹರಾಜು, ಈ ನಾಲ್ವರು ಕೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿದರು. ಚಿತ್ರಗಳಿಲ್ಲದಿದ್ದರೆ ನಾಟಕವುಂಟೆಂದು ಬೇಡರ ಕಣ್ಣಪ್ಪ ಮೊದಲಾದ ನಾಟಕಗಳನ್ನು ಊರೂರುಗಳಲ್ಲಿ ಆಡಿದರು. ಆ ಸಂಘದ ಹೆಸರಿನಲ್ಲಿಯೇ ೧೯೬೦ರಲ್ಲಿ ರಣಧೀರ ಕಂಠೀರವ ಚಿತ್ರವನ್ನು ತೆಗೆದರು. ೧೬೩೮ರಿಂದ ೧೬೫೯ರವರೆಗೆ ಮೈಸೂರನ್ನು ಆಳಿದ ಕಂಠೀರವ ನರಸರಾಜ ಒಡೆಯರ ಕಥೆಯನ್ನು ಆಧರಿಸಿದ ಆ ಚಿತ್ರವು ಕನ್ನಡದ ಆದ್ಯ ಐತಿಹಾಸಿಕ ಚಿತ್ರವೆಂದು ಹೆಸರಾಯಿತು.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ನಗಿಸುವವನಿಗೆ ಯಾವ ಭಾಷೆಯಾದರೇನು? ಮೈಯ ಭಾಷೆಗೆ ಗಡಿಯಿಲ್ಲ. ಮದರಾಸಿನಲ್ಲಿದ್ದು ಬೇರೆ ಭಾಷೆಯ ಚಿತ್ರಗಳಲ್ಲಿ ಅನ್ನವನ್ನು ಅರಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೂ ಕನ್ನಡ ಚಿತ್ರವು ನಿಲ್ಲುವುದೋ ಬೀಳುವುದೋ ಎಂಬಂಥ ವೇಳೆಯಲ್ಲಿ ಈ ಹಾಸ್ಯಗಾರನು ತನ್ನ ದುಡಿಮೆಯನ್ನೂ ಹೆಸರನ್ನೂ ಅದರ ಪರವಾಗಿ ಪಣಕ್ಕೆ ಒಡ್ಡಿದನು. ತೆರೆಯ ಮೇಲೆ ಅಂಜುಬುರುಕನಾಗಿ, ಓಡಿಹೋಗುವವನಾಗಿ ಕಾಣುತ್ತಿದ್ದ ವ್ಯಕ್ತಿಯು ತೆರೆಯ ಹೊರಗೆ ಧೀರರ ಸಾಲಿನಲ್ಲಿ ನಿಂತಿದ್ದನೆಂಬುದನ್ನು ನಾವು ಮರೆಯಲಾಗದು.

ಇನ್ನು ಅವರ ಕಲೆಯನ್ನು ಕುರಿತು ನಾಲ್ಕು ಮಾತು. ಕುರೂಪವೆಂದು ಲೋಕವು ತಿರಸ್ಕರಿಸಬಹುದಾದ ಅಂಗಲಕ್ಷಣಗಳನ್ನೇ ಅವರು ಕಲೆಯ ಸಾಧನಗಳನ್ನಾಗಿ ಮಾಡಿಕೊಂಡರು. ಮುಂಚಾಚಿದ ಹಲ್ಲು ಅವರಲ್ಲಿ ಒಮ್ಮೆ ಮುಗ್ಧತೆಯ ಗುರುತು, ಒಮ್ಮೆ ಭಯದ ಗುರುತು, ಇನ್ನೊಮ್ಮೆ ಕಳ್ಳನಗೆಯ ಗುರುತು. ಬೆತ್ತದಂತೆ ಬಾಗುವ ಸಣಕಲು ಮೈ ಯಾವ ಕ್ಷಣದಲ್ಲಿ ಎತ್ತ ತಿರುಗುವುದೆಂದು ಹೇಳುವಂತಿರಲಿಲ್ಲ. ಅಗಲಗೊಳ್ಳುವ ಕಣ್ಣುಗಳು ಮಾತಿಗೆ ಮುಂಚೆಯೇ ಮುಂದಿನ ಅನಾಹುತವನ್ನು ಸಾರುತ್ತಿದ್ದವು. ಬೀಳುವುದು ಎಲ್ಲರಿಗೂ ಬರುವುದು, ಆದರೆ ಬಿದ್ದದ್ದು ತಾನಾಗಿ ಆದಂತೆ ಕಾಣಿಸುವುದು ವಿದ್ಯೆ. ಪೆಟ್ಟಾಗದಂತೆ ಬೀಳಬೇಕು, ಪೆಟ್ಟಾಯಿತೆಂದು ತೋರಬೇಕು, ಆ ನೋವನ್ನು ಕಂಡು ಜನ ಮರುಗದೆ ನಗಬೇಕು. ಈ ಮೂರೂ ಒಂದೇ ನಿಮಿಷದಲ್ಲಿ ಕೂಡಿಬರಬೇಕು. ಅಷ್ಟೇ ಅಲ್ಲ, ಎದುರಿಗೆ ನಿಂತ ನಟನ ಹೊತ್ತುಗೊತ್ತನ್ನೂ ಅರಿತಿರಬೇಕು. ಬಾಲಕೃಷ್ಣ ಅವರಿಗೆ ಕಿವಿ ಮಂದವಾಗಿದ್ದಿತು. ಅಂಥ ಸಹನಟನೊಡನೆ ಮಾತಿಗೆ ಮಾತು, ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು ಈ ಜೋಡಿ ವರ್ಷಾನುಗಟ್ಟಲೆ ನಾಡನ್ನು ರಂಜಿಸಿತೆಂದರೆ, ಅವರಿಬ್ಬರ ನಡುವೆ ಕಣ್ಣಿನಿಂದ ಕಣ್ಣಿಗೆ ನಡೆಯುತ್ತಿದ್ದ ಸಂಭಾಷಣೆ ಎಷ್ಟು ಸೂಕ್ಷ್ಮವಾಗಿದ್ದಿತೆಂಬುದನ್ನು ಊಹಿಸಬಹುದು.

ಲೋಕದ ಇತರ ನಾಡುಗಳಲ್ಲಿಯೂ ಈ ವಿದ್ಯೆಯ ಮೂಲವು ರಂಗಭೂಮಿಯ ಬಡತನವೇ. ಚಾರ್ಲಿ ಚಾಪ್ಲಿನ್ ಲಂಡನ್ನಿನ ಬಡ ಬೀದಿಗಳಿಂದ ಬಂದವನು. ಅಮೆರಿಕೆಯ ಬಸ್ಟರ್ ಕೀಟನ್ ಮಗುವಾಗಿದ್ದಾಗಲೇ ತಂದೆತಾಯಿಗಳೊಡನೆ ರಂಗವನ್ನೇರಿ, ತಂದೆಯಿಂದ ಎತ್ತಿ ಎಸೆಸಿಕೊಂಡು ಬೀಳುವ ವಿದ್ಯೆಯನ್ನು ಕಲಿತನು. ಅಷ್ಟು ದೂರವೇಕೆ, ದಿಂಬಂ ಘಾಟಿಯ ೨೭ ತಿರುವುಗಳನ್ನಿಳಿದು ಬಯಲಿಗೆ ಹೋದರೆ ಸಿಗುವ ಧಾರಾಪುರದಲ್ಲಿ, ಕನ್ನಡ ಮನೆಮಾತಿನ ಕುಟುಂಬವೊಂದರಲ್ಲಿ ೧೯೩೩ರಲ್ಲಿ ಜನಿಸಿದ ನಾಗೇಶ್ ಅವರು ತಮಿಳು ಚಿತ್ರರಂಗದ ಹಾಸ್ಯದ ಅರಸರಾದರು. ೧೯೬೪ರ ಸರ್ವರ್ ಸುಂದರಂ, ೧೯೬೫ರ ತಿರುವಿಳೆಯಾಡಲ್ ಚಿತ್ರದ ಬಡಕವಿ ದರುಮಿ, ಇವುಗಳನ್ನು ನಮ್ಮ ಭಾಗದವರು ಮರೆತಿಲ್ಲ. ಒಬ್ಬರು ಕನ್ನಡವನ್ನು, ಇನ್ನೊಬ್ಬರು ತಮಿಳನ್ನು ನಗಿಸಿದರು. ಎರಡೂ ಭಾಷೆಗಳ ನಡುವೆ ಬಾಳುವ ನಮಗೆ ಇಬ್ಬರೂ ಬೇಕಾದವರೇ.

ನರಸಿಂಹರಾಜು ಅವರ ಪಾತ್ರಗಳಲ್ಲಿ ಶ್ರೇಷ್ಠವಾದುದನ್ನು ಆರಿಸಿರೆಂದರೆ ನಾವು ೧೯೬೫ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ ಬಂದ ಸತ್ಯ ಹರಿಶ್ಚಂದ್ರದ ನಕ್ಷತ್ರಿಕನನ್ನು ಆರಿಸುತ್ತೇವೆ. ರಾಘವಾಂಕನ ಕಾಲದಿಂದಲೂ ಕನ್ನಡಿಗರಿಗೆ ಪರಿಚಿತನಾದ ಪಾತ್ರವಿದು. ವಿಶ್ವಾಮಿತ್ರನ ಸಾಲವನ್ನು ವಸೂಲು ಮಾಡಲು ಹರಿಶ್ಚಂದ್ರನ ಬೆನ್ನು ಹತ್ತಿದ ಈ ಶಿಷ್ಯನ ಹೆಸರು, ಬಿಡದೆ ಕಾಡುವವನಿಗೆ ಅನ್ವರ್ಥವಾಗಿ ನಮ್ಮ ನಿತ್ಯದ ಮಾತಿನಲ್ಲಿ ಸೇರಿಹೋಗಿದೆ. ರಾಜ್ಯವನ್ನು ಕಳೆದುಕೊಂಡು ಮಡದಿ ಮಗುವಿನೊಡನೆ ಕಾಡಿನಲ್ಲಿ ನಡೆಯುವ ಅರಸನ ಹಿಂದೆ ನಗೆಯನ್ನು ತರುವುದು ಅಪಾಯದ ಕೆಲಸ. ಸ್ವಲ್ಪ ಹೆಚ್ಚಾದರೆ ಕರುಣರಸವು ಕೆಡುವುದು, ಸ್ವಲ್ಪ ಕಡಿಮೆಯಾದರೆ ಪಾತ್ರವು ಬರಿಯ ಕ್ರೌರ್ಯವಾಗುವುದು. ನರಸಿಂಹರಾಜು ಅವರ ನಕ್ಷತ್ರಿಕನು ಕಾಡುವವನೂ ಹೌದು, ಕಾಡಿ ಕಾಡಿ ತಾನೇ ಬಸವಳಿದವನೂ ಹೌದು. ರಾಜಕುಮಾರ್ ಅವರ ಹರಿಶ್ಚಂದ್ರನ ಸ್ಥೈರ್ಯವು ಹಿಮಾಲಯದಂತೆ ನಿಂತದ್ದು, ಅದರ ಬುಡದಲ್ಲಿ ಈ ಚಂಚಲ ಮೂರ್ತಿಯು ಸುಳಿದಾಡುತ್ತಿದ್ದುದರಿಂದಲೇ. ೧೯೭೦ರ ಶ್ರೀ ಕೃಷ್ಣದೇವರಾಯ ಚಿತ್ರದಲ್ಲಿ ಅವರೇ ತೆನಾಲಿ ರಾಮಕೃಷ್ಣನಾದರು. ಅರಸನ ಓಲಗದಲ್ಲಿ ನಿಂತು ಅರಸನನ್ನೇ ನಗಿಸುವ ಕವಿಯ ಪಾತ್ರವು ಅವರನ್ನೇ ಅರಸಿಕೊಂಡು ಬಂದಂತಿತ್ತು.

೧೯೫೪ರಿಂದ ೧೯೭೯ರವರೆಗಿನ ೨೫ ವರ್ಷಗಳಲ್ಲಿ ಅವರು ನಟಿಸಿದ ಚಿತ್ರಗಳು ಸುಮಾರು ೨೫೦. ವರ್ಷಕ್ಕೆ ಹತ್ತರಂತೆ ಎಡೆಬಿಡದ ದುಡಿಮೆಯಿದು. ಕನ್ನಡದ ಮೊದಲ ಸಂಪೂರ್ಣ ವರ್ಣಚಿತ್ರವಾದ ೧೯೬೪ರ ಅಮರಶಿಲ್ಪಿ ಜಕಣಾಚಾರಿಯಲ್ಲಿ ಅವರಿದ್ದರು, ೧೯೬೮ರ ಪತ್ತೇದಾರಿ ಚಿತ್ರ ಜೇಡರ ಬಲೆಯಲ್ಲಿಯೂ ಅವರಿದ್ದರು. ಪುರಾಣವಿರಲಿ, ಇತಿಹಾಸವಿರಲಿ, ಸಂಸಾರದ ಕಥೆಯಿರಲಿ, ನರಸಿಂಹರಾಜು ಇಲ್ಲದ ಚಿತ್ರವನ್ನು ಕೊಳ್ಳಲು ಹಂಚಿಕೆದಾರರು ಹಿಂದೆಗೆಯುತ್ತಿದ್ದರೆಂದೂ, ನಿರ್ಮಾಪಕರು ನಾಯಕನಿಗಿಂತ ಮೊದಲು ಇವರ ಕಾಲ್‌ಷೀಟನ್ನು ಪಡೆಯುತ್ತಿದ್ದರೆಂದೂ ಚಿತ್ರರಂಗದವರು ಇಂದಿಗೂ ಹೇಳುವುದುಂಟು.

ಸ್ಮರಣೆಯೆಂದರೆ ಬರಿಯ ಸ್ತುತಿಯಾಗಬಾರದು. ಅಷ್ಟೊಂದು ಚಿತ್ರಗಳಲ್ಲಿ ಎಲ್ಲವೂ ಸಮಾನವಾದ ಗುಣವುಳ್ಳವಲ್ಲ. ಕಥೆಗೆ ಸಂಬಂಧವಿಲ್ಲದ ಹಾಸ್ಯಪ್ರಸಂಗಗಳನ್ನು ತುರುಕುವುದು ಅಂದಿನ ರೂಢಿಯಾಗಿದ್ದಿತು. ಅಂಥ ಎಡೆಗಳಲ್ಲಿ ಒಂದೇ ಬಗೆಯ ಬೆದರಿಕೆ, ಒಂದೇ ಬಗೆಯ ಓಟ ಮತ್ತೆ ಮತ್ತೆ ಬಂದುದನ್ನು ನೋಡಿದವರು ಬಲ್ಲರು. ಅದು ನಟನ ದೋಷಕ್ಕಿಂತ ಹೆಚ್ಚಾಗಿ ನಟನಿಗೆ ಪಾತ್ರವನ್ನು ಬರೆಯದವರ ದೋಷ. ನಾಯಕನಿಗೆ ಕಥೆಯನ್ನು ಬರೆಯುತ್ತಿದ್ದರು, ಹಾಸ್ಯಗಾರನಿಗೆ ಜಾಗವನ್ನು ಬಿಡುತ್ತಿದ್ದರು. ಆ ಖಾಲಿ ಜಾಗವನ್ನು ತನ್ನ ಮೈಯಿಂದ ತುಂಬಿಕೊಡುವುದು ಅವನ ಪಾಡಾಗಿದ್ದಿತು. ಮುಂಪರದೆಯ ಮುಂದೆ ನಿಂತ ಹಳೆಯ ದಿನಗಳು ಅವರ ಪಾಲಿಗೆ ಮುಗಿಯಲೇ ಇಲ್ಲವೆನ್ನಬೇಕು.

ತನ್ನದೇ ಆದ ಕಥೆಯೊಂದು ಬೇಕೆಂಬ ಹಂಬಲದಿಂದಲೋ ಏನೋ, ೧೯೭೪ರಲ್ಲಿ ಅವರು ಪ್ರೊಫೆಸರ್ ಹುಚ್ಚೂರಾಯ ಚಿತ್ರವನ್ನು ತಾವೇ ನಿರ್ಮಿಸಿ ಮುಖ್ಯಪಾತ್ರವನ್ನು ವಹಿಸಿದರು. ಐವತ್ತನ್ನು ದಾಟಿದ ವಯಸ್ಸಿನಲ್ಲಿ, ದ್ವಾರಕೀಶರಂಥ ಕಿರಿಯ ಹಾಸ್ಯನಟರು ಆಗಲೇ ಹೆಸರಾಗಿದ್ದ ಕಾಲದಲ್ಲಿ, ಹಾಸ್ಯಗಾರನೊಬ್ಬನು ತನ್ನ ಹಣವನ್ನು ತೊಡಗಿಸಿ ನಡುರಂಗಕ್ಕೆ ಬಂದು ನಿಲ್ಲುವುದು ಸಾಮಾನ್ಯವಾದ ಎದೆಗಾರಿಕೆಯಲ್ಲ. ಅನಂತರವೂ ಅವರು ವಿಶ್ರಮಿಸಲಿಲ್ಲ. ೧೯೭೯ರ ಜುಲೈ ತಿಂಗಳಲ್ಲಿ, ೫೬ ವರ್ಷಗಳು ತುಂಬಲು ಕೆಲವೇ ದಿನಗಳು ಉಳಿದಿರುವಾಗ, ಅವರು ತೀರಿಕೊಂಡರು. ನಾಲ್ಕು ವರ್ಷದ ಮಗುವಾಗಿ ಬಣ್ಣ ಹಚ್ಚಿಕೊಂಡವರು ಅರ್ಧ ಶತಮಾನಕ್ಕೂ ಮೀರಿ ಅದನ್ನು ಅಳಿಸಿಕೊಂಡಿರಲಿಲ್ಲ. ಅವರ ಗೆಳೆಯ, ನಮ್ಮ ಗಾಜನೂರಿನ ರಾಜಕುಮಾರ್ ಅವರು ಅನಂತರ ೨೭ ವರ್ಷಗಳ ಕಾಲ ಬಾಳಿ ೨೦೦೬ರಲ್ಲಿ ಅಗಲಿದರು.

ನಮ್ಮ ಬೆಟ್ಟಸೀಮೆಗೆ ಮೈಯಿಂದ ನಗುವ ನಗೆಯು ಹೊರಗಿನಿಂದ ಬಂದ ವಸ್ತುವಲ್ಲ. ದೀಪಾವಳಿಯ ವೇಳೆ ಗುಮಟಾಪುರದಲ್ಲಿ ನಡೆಯುವ ಗೋರೆಹಬ್ಬವನ್ನು ನೆನೆಯಿರಿ. ಚಾಡಿಕೋರನ ವೇಷ ತೊಟ್ಟವನಿಗೆ ಹುಲ್ಲಿನ ಮೀಸೆಯನ್ನು ಕಟ್ಟಿ ಕತ್ತೆಯ ಮೇಲೆ ಮೆರೆಸುವರು. ಅನಂತರ ಸಗಣಿಯ ರಾಶಿಯಲ್ಲಿ ಹಿರಿಯರು ಕಿರಿಯರೆನ್ನದೆ ಒಬ್ಬರ ಮೇಲೊಬ್ಬರು ಉಂಡೆಗಳನ್ನೆಸೆದು ನಗುವರು. ಅಂದು ಯಾರ ಮನಸ್ಸಿನಲ್ಲಿಯೂ ಹಗೆ ಉಳಿಯದು. ನರಸಿಂಹರಾಜು ಅವರ ಹಾಸ್ಯವೂ ಆ ಜಾತಿಯದೇ. ಪರರನ್ನು ಹಂಗಿಸಿ ನಗುವ ಬದಲು ತಾನೇ ಎಡವಿ, ತಾನೇ ಬೆದರಿ, ತಾನೇ ಪೆಟ್ಟು ತಿಂದು ನೋಡುವವರನ್ನು ನಗಿಸುವ ದಾರಿ ಅವರದು. ದುರ್ಬಲ ದೇಹದವನನ್ನು ಕಂಡು ಹಾಸ್ಯ ಮಾಡುವುದು ಒಂದು, ದುರ್ಬಲ ದೇಹದವನೇ ಹಾಸ್ಯದ ಒಡೆಯನಾಗುವುದು ಇನ್ನೊಂದು. ತರಗತಿಯಲ್ಲಿ ಹಲ್ಲು ಉಬ್ಬಿದ, ಮೈ ಬಡಕಲಾದ ಹುಡುಗನನ್ನು ಸಹಪಾಠಿಗಳು ಅಣಕಿಸುವುದನ್ನು ಕಂಡಾಗಲೆಲ್ಲ ನಾವು ಅವರಿಗೆ ಈ ಎರಡರ ಅಂತರವನ್ನು ತಿಳಿಸಿ, ನರಸಿಂಹರಾಜು ಅವರ ಕಥೆಯನ್ನು ಹೇಳುವುದುಂಟು.

ಗಡಿಯಲ್ಲಿ ಬಾಳುವ ನಮಗೆ ಇನ್ನೊಂದು ಕಾರಣದಿಂದಲೂ ಅವರು ಸ್ಮರಣೀಯರು. ಕನ್ನಡದ ಅಕ್ಷರ ಬಾರದ ಮಗುವೂ ಅವರ ನಡಿಗೆಯನ್ನು ಕಂಡು ನಗಬಲ್ಲುದು. ನಕ್ಕ ಮೇಲೆ ಅವರು ಏನೆಂದರೆಂದು ಕೇಳಬಲ್ಲುದು. ಹಾಗೆ ಕೇಳಿದ ಮಗುವಿನ ಕಿವಿಗೆ ಕನ್ನಡ ಬಿದ್ದಂತೆಯೇ ಸರಿ. ಪಠ್ಯಪುಸ್ತಕವು ತಲುಪದ ಮನೆಗಳಿಗೆ ಭಾಷೆಯನ್ನು ನಗೆಯ ಬುತ್ತಿಯಲ್ಲಿ ಕಟ್ಟಿ ಒಯ್ದವರು ಇಂಥ ಕಲಾವಿದರು. ಆದುದರಿಂದ ನಮ್ಮ ಸಂಘದ ಉತ್ಸವಗಳಲ್ಲಿ ಗಾಜನೂರಿನ ಮುತ್ತುರಾಜನ ಭಾವಚಿತ್ರವನ್ನು ಇರಿಸುವಾಗ ಅದರ ಪಕ್ಕದಲ್ಲಿ ತಿಪಟೂರಿನ ನರಸಿಂಹರಾಜು ಅವರದನ್ನೂ ಇರಿಸಬೇಕೆಂದು ನಾವು ಸದಸ್ಯ ಬಾಂಧವರಲ್ಲಿ ಬಿನ್ನವಿಸುತ್ತೇವೆ. ಟೆಂಟಿನ ಸಿನಿಮಾದಲ್ಲಿ ನೆಲದ ಮೇಲೆ ಕುಳಿತು ಅವರನ್ನು ಕಂಡು ನಕ್ಕ ಹಿರಿಯರು ಇನ್ನೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಅವರ ನೆನಪುಗಳನ್ನು ಕೇಳಿ ಬರೆದಿಡುವ ಕೆಲಸವನ್ನು ನಮ್ಮ ಹೈಸ್ಕೂಲಿನ ಮಕ್ಕಳು ಈ ವರ್ಷವೇ ಕೈಗೊಳ್ಳಲಿ. ನಕ್ಕವರ ಋಣವು ನಗಿಸಿದವನ ಮೇಲಲ್ಲ, ನಗಿಸಿದವನ ಋಣವು ನಕ್ಕವರ ಮೇಲಿದೆ. ಅದನ್ನು ತೀರಿಸುವ ಮೊದಲ ಕಂತಾಗಿ ಈ ಕಿರುಬರಹವನ್ನು ಅವರ ಸ್ಮೃತಿಗೆ ಅರ್ಪಿಸುತ್ತೇವೆ.